ರಾಕ್ ಸಂಗೀತದ ಮೈದಾನದಲ್ಲಿ ಆದದ್ದು ಅಧ್ಯಾತ್ಮವೇ, ಬರೀ ಭ್ರಮೆಯೇ?

ಪ್ರಶ್ನೆ: ನಾನು ಕಲಬುರಗಿಯವನು, ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಮೆಟಾಲಿಕಾ ಎಂಬ ಅಮೆರಿಕದ ರಾಕ್ ತಂಡದ ಕಾರ್ಯಕ್ರಮಕ್ಕೆ ಗೆಳೆಯನ ಜೊತೆ ಹೋಗಿದ್ದೆ. ಒಂದು ನಿಧಾನಗತಿಯ ಹಾಡಿಗೆ ಇಡೀ ಮೈದಾನ ಒಂದೇ ದನಿಯಾದಾಗ ಮೈಯೆಲ್ಲ ಜುಮ್ಮೆಂದು, ಕಾರಣ ತಿಳಿಯದೆ ಅತ್ತುಬಿಟ್ಟೆ. ‘ನಾನು’ ಎಂಬುದು ಆ ಹೊತ್ತಿಗೆ ಇರಲೇ ಇಲ್ಲ. ಗಾಯಕ ನನ್ನನ್ನೇ ನೋಡಿ ಎದೆಯ ಮೇಲೆ ಕೈಯಿಟ್ಟದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ, ಆದರೆ ಗೆಳೆಯ ಅಂಥದ್ದು ನಡೆಯಲೇ ಇಲ್ಲ ಎನ್ನುತ್ತಾನೆ. ಭಜನಾ ಮೇಳದಲ್ಲಿ ಹಾಡುವ ನಮ್ಮ ಅಪ್ಪ ‘ಗದ್ದಲಕ್ಕೆ ಅಧ್ಯಾತ್ಮ ಅಂತ ಹೆಸರಿಡಬ್ಯಾಡ’ ಎನ್ನುತ್ತಾರೆ. ಅಂದು ನನಗಾದದ್ದು ಏನು? ಅದನ್ನು ಅಧ್ಯಾತ್ಮ ಎನ್ನಬಹುದೇ? ಆಮೇಲೆ ಹೋದ ಯಾವ ಕಾರ್ಯಕ್ರಮದಲ್ಲೂ ಅದು ಮರಳಿ ಬರಲಿಲ್ಲವೇಕೆ? ಈಗ ಹದಿನಾಲ್ಕರ ಮಗಳು ತನ್ನನ್ನೂ ಅಂಥ ಕಾರ್ಯಕ್ರಮಕ್ಕೆ ಕರೆದೊಯ್ಯಲು ಕೇಳುತ್ತಿದ್ದಾಳೆ. ಕರೆದೊಯ್ಯಲೇ?

ಉತ್ತರ: ನಿಮಗಾದ ಅನುಭವ ನಿಜವಾದದ್ದು. ಅದರ ನೆನಪಿನ ಒಂದು ಭಾಗ ಮಾತ್ರ ಬಹುಶಃ ನಡೆದ ಹಾಗೆಯೇ ಉಳಿದಿಲ್ಲ. ಈ ಎರಡು ಮಾತುಗಳೂ ಒಟ್ಟಿಗೆ ಸತ್ಯವಾಗಿರಬಲ್ಲವು ಎಂಬುದನ್ನು ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಮನಗಾಣಿಸುವುದೇ ಅಧ್ಯಾಪಕನಾಗಿ ನನಗೆ ಎಲ್ಲಕ್ಕಿಂತ ಕಷ್ಟವಾಗುತ್ತಿತ್ತು, ಏಕೆಂದರೆ ಅನುಭವ ನಿಜವಾಗಿದ್ದರೆ ಅದರ ನೆನಪೂ ಅಕ್ಷರಶಃ ನಿಜವಾಗಿರಬೇಕು, ನೆನಪಿನಲ್ಲಿ ಒಂದು ತಪ್ಪು ಸಿಕ್ಕರೂ ಅನುಭವವೇ ಸುಳ್ಳು ಎಂದು ನಾವೆಲ್ಲರೂ ಎಣಿಸಿಬಿಡುತ್ತೇವೆ. ನಿಮ್ಮ ಮತ್ತು ನಿಮ್ಮ ಗೆಳೆಯರ ನಡುವಿನ ವಾದ ಹುಟ್ಟಿರುವುದೂ ಇಲ್ಲಿಯೇ. ಆದ್ದರಿಂದ ಅನುಭವವನ್ನೂ ನೆನಪನ್ನೂ ಬೇರೆ ಬೇರೆಯಾಗಿಯೇ ನೋಡೋಣ.

ರಾಕ್ ಸಂಗೀತದ ಅಭಿಮಾನಿಗಳು ಹೇಳಿಕೊಂಡ ನೆನಪುಗಳನ್ನು ಓದುತ್ತ ಹೋದರೆ, ತಂಡ ಯಾವುದೇ ಇರಲಿ, ಊರು ಯಾವುದೇ ಇರಲಿ, ಕೆಲವು ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ: ಹೊತ್ತು ಹೋದದ್ದೇ ತಿಳಿಯಲಿಲ್ಲ, ಪಕ್ಕದಲ್ಲಿದ್ದ ಅಪರಿಚಿತ ಒಡಹುಟ್ಟಿದವನಂತೆ ಕಂಡ, ಆ ಹಾಡು ನನಗಾಗಿಯೇ ಹಾಡಿದಂತಿತ್ತು, ವೇದಿಕೆಯ ಮೇಲಿದ್ದವರಿಗೆ ನಾನು ಅಲ್ಲಿರುವುದು ಗೊತ್ತಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಧಾರ್ಮಿಕ ಅನುಭವದ ಬಗ್ಗೆ ಮಾಡಿದ ಉಪನ್ಯಾಸಗಳು 1902ರಲ್ಲಿ ಪ್ರಕಟವಾದವು. ಅವುಗಳಲ್ಲಿ ಅವರು ಅನುಭಾವದ ಸ್ಥಿತಿಗೆ ನಾಲ್ಕು ಲಕ್ಷಣಗಳನ್ನು ಹೇಳುತ್ತಾರೆ. ಅದನ್ನು ಮಾತಿನಲ್ಲಿ ಹಿಡಿಯಲಾಗದು, ಆದರೂ ಏನೋ ಒಂದು ತಿಳಿವು ದೊರೆತಂತೆ ಇರುತ್ತದೆ, ಅದು ಬಹಳ ಹೊತ್ತು ನಿಲ್ಲುವುದಿಲ್ಲ, ಮತ್ತು ಅದು ನಡೆಯುವಾಗ ನಮ್ಮ ಇಚ್ಛೆ ಕೈಬಿಟ್ಟು ಬೇರೊಂದು ಶಕ್ತಿ ನಮ್ಮನ್ನು ಹಿಡಿದಂತೆ ಅನ್ನಿಸುತ್ತದೆ. ಕಾರಣ ತಿಳಿಯದ ಅಳು, ‘ನಾನು’ ಇಲ್ಲವಾದದ್ದು, ಒಂದು ಹಾಡಿನಷ್ಟು ಹೊತ್ತು ಇದ್ದು ಹೋದದ್ದು: ನಿಮ್ಮ ಪತ್ರದಲ್ಲಿ ಈ ಲಕ್ಷಣಗಳು ಹೆಚ್ಚುಕಡಿಮೆ ಎಲ್ಲವೂ ಇವೆ. ಜೇಮ್ಸ್ ರಾಕ್ ಸಂಗೀತವನ್ನು ಕೇಳಿದವರಲ್ಲ, ಆದರೆ ಸಂತರ ಬರಹಗಳಿಂದ ಅವರು ಆಯ್ದ ಲಕ್ಷಣಗಳು ಅರಮನೆ ಮೈದಾನದಲ್ಲಿ ನಿಂತ ಕಲಬುರಗಿಯ ಯುವಕನಿಗೂ ಹೊಂದುತ್ತವೆ ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಆ ಹೊತ್ತಿನಲ್ಲಿ ದೇಹದೊಳಗೆ ಏನು ನಡೆಯುತ್ತದೆ ಎಂಬುದರ ಬಗ್ಗೆ ಕಳೆದ ಎರಡು ಮೂರು ದಶಕಗಳಲ್ಲಿ ಸಾಕಷ್ಟು ತಿಳಿದಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ರಾಬರ್ಟ್ ಝಟೋರೆ ಅವರ ತಂಡ 2001ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಸಂಗೀತ ಕೇಳಿ ಮೈ ಜುಮ್ಮೆನ್ನುವ ಹೊತ್ತಿಗೆ, ಹಸಿದಾಗ ಊಟ ಕಂಡರೆ ಚುರುಕಾಗುವಂಥ ಮೆದುಳಿನ ಭಾಗಗಳೇ ಚುರುಕಾಗುತ್ತವೆ ಎಂದು ಅದು ತೋರಿಸಿತು. 2011ರಲ್ಲಿ ಅದೇ ಪ್ರಯೋಗಾಲಯದಿಂದ ಬಂದ ಇನ್ನೊಂದು ಅಧ್ಯಯನ ನಿಮ್ಮ ವಿಷಯಕ್ಕೆ ಮತ್ತಷ್ಟು ಹತ್ತಿರದ್ದು. ಡೋಪಮಿನ್ ಎಂಬ ರಾಸಾಯನಿಕ ಮೈ ಜುಮ್ಮೆನ್ನುವ ಗಳಿಗೆಯಲ್ಲಿ ಮಾತ್ರ ಬಿಡುಗಡೆಯಾಗುವುದಿಲ್ಲ, ಆ ಗಳಿಗೆ ಬರುತ್ತಿದೆ ಎಂದು ಮನಸ್ಸು ಕಾಯುವಾಗಲೂ ಮೆದುಳಿನ ಬೇರೊಂದು ಭಾಗದಲ್ಲಿ ಬಿಡುಗಡೆಯಾಗುತ್ತದೆ. ಹಾಡು ಮೊದಲೇ ಗೊತ್ತಿದ್ದವನಿಗೆ ಮಾತ್ರ ಹೀಗೆ ಕಾಯಲು ಸಾಧ್ಯ. ಮುಂದಿನ ಸಾಲು ಯಾವುದು, ಗಿಟಾರ್ ಎಲ್ಲಿ ಏರುತ್ತದೆ, ಎಲ್ಲಿ ಎಲ್ಲವೂ ತಟ್ಟನೆ ನಿಲ್ಲುತ್ತದೆ ಎಂಬುದು ನಿಮ್ಮ ಮೈಗೇ ಗೊತ್ತಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯಿಂದ ತಂದ ಕ್ಯಾಸೆಟ್ಟನ್ನು ಟೇಪು ಸವೆಯುವವರೆಗೆ ಕೇಳಿದ ತಲೆಮಾರು ನಿಮ್ಮದು ಎಂದುಕೊಂಡಿದ್ದೇನೆ. ಆ ಕೇಳ್ಮೆಯೇ ನಿಮ್ಮ ಸಾಧನೆ.

ಅದರ ಮೇಲೆ ಅಂದಿನ ಸಂದರ್ಭವೂ ಕೂಡಿಕೊಂಡಿತ್ತು. 1981ರಲ್ಲಿ ಹುಟ್ಟಿದ ತಂಡ ಮೂವತ್ತು ವರ್ಷಗಳ ಬಳಿಕ ಮೊದಲ ಸಲ ಭಾರತದ ವೇದಿಕೆ ಏರುವುದಿತ್ತು. ಅಕ್ಟೋಬರ್ 28ರಂದು ದೆಹಲಿಯ ಪಕ್ಕದ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಮೊದಲ ಕಾರ್ಯಕ್ರಮ ರದ್ದಾಗಿ, ಬೆಂಗಳೂರಿನಲ್ಲಾದರೂ ಆಗುತ್ತದೆಯೋ ಇಲ್ಲವೋ ಎಂಬ ಆತಂಕದಲ್ಲಿಯೇ ದೂರದೂರಿನ ಅಭಿಮಾನಿಗಳು ರೈಲು ಹತ್ತಿದ್ದರು. ವರ್ಷಗಟ್ಟಲೆ ಕಾದದ್ದು ಕೈತಪ್ಪಿ ಹೋಗುವಂತಾಗಿ ಮತ್ತೆ ಕೈಗೆ ಸಿಕ್ಕಾಗ ಮನಸ್ಸು ಎಷ್ಟು ಹದಗೊಂಡಿರುತ್ತದೆ ಎಂಬುದನ್ನು ನಾನು ವಿವರಿಸಬೇಕಿಲ್ಲ.

ಇನ್ನು ಸದ್ದಿನ ಮಾತು. ನಿಮ್ಮ ತಂದೆಯವರು ಗದ್ದಲ ಎಂದು ಕರೆದದ್ದನ್ನು ಕಿವಿ ಮಾತ್ರವೇ ಕೇಳುವುದಿಲ್ಲ. ಸುಮಾರು 90 ಡೆಸಿಬಲ್ ದಾಟಿದ ಸದ್ದು ಒಳಕಿವಿಯಲ್ಲಿ ದೇಹದ ಸಮತೋಲನವನ್ನು ಕಾಯುವ ಭಾಗವನ್ನೂ ತಟ್ಟುತ್ತದೆ ಎಂದು ಇಂಗ್ಲೆಂಡಿನ ಇಬ್ಬರು ಸಂಶೋಧಕರು 2000ದಲ್ಲಿ ತೋರಿಸಿದರು. ಉಯ್ಯಾಲೆಯಲ್ಲಿ ತೂಗುವಾಗ ಎಚ್ಚೆತ್ತುಕೊಳ್ಳುವುದು ಇದೇ ಭಾಗ. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಇಲೆಕ್ಟ್ರಾನಿಕ್ ಸಂಗೀತದ ಒಂದು ನೇರ ಕಾರ್ಯಕ್ರಮದ ನಡುವೆ, ಕಿವಿಗೆ ಸ್ಪಷ್ಟವಾಗಿ ಕೇಳದಷ್ಟು ಕೆಳಗಿನ, 8ರಿಂದ 37 ಹರ್ಟ್ಜ್ ನಡುವಿನ ಕಂಪನವನ್ನು ಕೆಲವು ನಿಮಿಷ ಹಚ್ಚುವುದು, ಕೆಲವು ನಿಮಿಷ ನಿಲ್ಲಿಸುವುದು ಹೀಗೆ ಮಾಡಿ ನೋಡಿದರು. ಕಂಪನ ಇದ್ದಾಗ ಜನರ ಕುಣಿತ ಸರಾಸರಿ 11.8 ಶೇಕಡ ಹೆಚ್ಚಿತ್ತು, ಆದರೆ ಹಾಗೊಂದು ಕಂಪನ ಬಂದು ಹೋಗುತ್ತಿದೆ ಎಂಬುದು ಅವರ ಅರಿವಿಗೆ ಬಂದಿರಲಿಲ್ಲ. ಈ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ‘ಯಾವುದೋ ಶಕ್ತಿ ನನ್ನನ್ನು ಅಲುಗಾಡಿಸಿತು’ ಎಂದು ಅಭಿಮಾನಿ ಹೇಳುವಾಗ ಆತ ಉತ್ಪ್ರೇಕ್ಷೆ ಮಾಡುತ್ತಿಲ್ಲ. ಎದೆಗೂಡಿಗೆ, ಹೊಟ್ಟೆಗೆ, ಕಾಲ ಕೆಳಗಿನ ನೆಲಕ್ಕೆ ತಾಗುವ ಆ ಸದ್ದು ಅವನ ತೀರ್ಮಾನಕ್ಕೆ ಕಾಯದೆ ಮೈಯನ್ನು ಚಲಿಸುವಂತೆ ಮಾಡಿರುತ್ತದೆ.

ಒಟ್ಟಿಗೆ ಚಲಿಸುವುದರಿಂದ ಆಗುವ ಪರಿಣಾಮ ಬೇರೆಯೇ ಇದೆ. ಒಂದೇ ಲಯಕ್ಕೆ ಕೂಡಿ ಕುಣಿದವರ ನೋವು ತಡೆಯುವ ಶಕ್ತಿ ಹೆಚ್ಚುತ್ತದೆ, ಪಕ್ಕದವರ ಮೇಲಿನ ಆತ್ಮೀಯತೆಯೂ ಹೆಚ್ಚುತ್ತದೆ ಎಂದು ಆಕ್ಸ್‌ಫರ್ಡ್‌ನಲ್ಲಿ ರಾಬಿನ್ ಡನ್‌ಬಾರ್ ಮತ್ತು ಅವರ ಸಂಗಡಿಗರು ನಡೆಸಿದ ಪ್ರಯೋಗಗಳು ಹೇಳುತ್ತವೆ. ಕಲಬುರಗಿಯವರಿಗೆ ಇದನ್ನು ಪ್ರಯೋಗದಿಂದ ತಿಳಿಯಬೇಕಾದ ಅಗತ್ಯವಿಲ್ಲ. ಶರಣಬಸವೇಶ್ವರರ ಜಾತ್ರೆಯಲ್ಲಿ ತೇರಿನ ಮೇಲೆ ಬಾಳೆಹಣ್ಣು, ಉತ್ತತ್ತಿ ಎಸೆಯುತ್ತ ಜಯಕಾರ ಹಾಕುವ ಜನಸಾಗರದ ನಡುವೆ ಒಮ್ಮೆ ನಿಂತವರಿಗೆ, ತಮ್ಮ ಗಂಟಲಿನಿಂದ ಹೊರಟ ಕೂಗು ತಮ್ಮದೋ ಎಲ್ಲರದೋ ಎಂದು ತಿಳಿಯದೆ ಹೋಗುವ ಆ ಗಳಿಗೆಯ ಪರಿಚಯ ಇದ್ದೇ ಇದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೈಮ್ 1912ರಲ್ಲಿ ಇದಕ್ಕೆ ಸಾಮೂಹಿಕ ಉತ್ಸಾಹದ ಸಿದ್ಧಾಂತವನ್ನು ಕೊಟ್ಟರು. ಜನ ಒಂದೆಡೆ ನೆರೆದಾಗ ಅವರ ನಡುವೆ ವಿದ್ಯುತ್ತಿನಂಥ ಒಂದು ಆವೇಶ ಹುಟ್ಟುತ್ತದೆ, ತಮ್ಮನ್ನು ಮೀರಿದ ಶಕ್ತಿ ಎಂದು ಅವರು ಅನುಭವಿಸುವುದು ವಾಸ್ತವವಾಗಿ ಅವರದೇ ಸಮಾಜದ ಶಕ್ತಿಯನ್ನು ಎಂಬುದು ಅವರ ವಾದ. ನಾನು ಈ ವಾದವನ್ನು ಅರ್ಧ ಒಪ್ಪುತ್ತೇನೆ. ಮೈದಾನಕ್ಕೆ ಕಾವು ಏಕೆ ಏರುತ್ತದೆ ಎಂಬುದನ್ನು ಅದು ಚೆನ್ನಾಗಿ ಬಿಡಿಸುತ್ತದೆ. ಆದರೆ ಅದೇ ಕಾವಿನೊಳಗೆ ನಿಂತ ನೀವು ಅತ್ತಾಗ ನಿಮ್ಮ ಗೆಳೆಯರು ಏಕೆ ಅಳಲಿಲ್ಲ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಉತ್ತರದ ಒಂದು ಎಳೆ ಸ್ಪೇನ್ ದೇಶದ ಸ್ಯಾನ್ ಪೆದ್ರೊ ಮನ್ರಿಕೆ ಎಂಬ ಹಳ್ಳಿಯಲ್ಲಿ ಸಿಗುತ್ತದೆ. ನಮ್ಮ ಕಡೆ ಅಗ್ಗಿ ಹಾಯುವಂತೆ ಅಲ್ಲಿಯೂ ಪ್ರತಿ ಬೇಸಗೆಯಲ್ಲಿ ಜನ ಕೆಂಡದ ಮೇಲೆ ನಡೆಯುತ್ತಾರೆ. ಕೆಂಡ ಹಾಯುವವರ ಮತ್ತು ನೋಡುವವರ ಎದೆಬಡಿತವನ್ನು ಅಳೆದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಕಾರ, ಹಾಯುವವನ ಬಂಧುಗಳ ಮತ್ತು ಗೆಳೆಯರ ಎದೆಬಡಿತ ಅವನ ಬಡಿತದ ಏರಿಳಿತವನ್ನೇ ಹಿಡಿದು ಸಾಗಿತ್ತು. ಸಂಬಂಧವಿಲ್ಲದ ಪ್ರೇಕ್ಷಕರಲ್ಲಿ ಹಾಗಾಗಲಿಲ್ಲ. ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ದೃಶ್ಯವನ್ನು ನೋಡುತ್ತಿದ್ದರೂ ಮೊದಲೇ ಬೆಸೆದುಕೊಂಡಿದ್ದವರಿಗೆ ಮಾತ್ರ ಅದು ಒಳಗೆ ತಾಗಿತು. ನಿಮಗೂ ಆ ಹಾಡಿಗೂ ಮೈದಾನಕ್ಕೆ ಬರುವ ಮೊದಲೇ ಒಂದು ನಂಟಿತ್ತು. ನಿಮ್ಮ ಗೆಳೆಯರಿಗೆ ಬಹುಶಃ ಬೇರೊಂದು ಹಾಡಿನೊಡನೆ ಇದ್ದೀತು, ಅಥವಾ ನಿಮ್ಮೊಡನೆ ಇದ್ದ ನಂಟೇ ಅವರನ್ನು ಅಲ್ಲಿಗೆ ಕರೆತಂದಿದ್ದೀತು.

ಈಗ ಗಾಯಕ ನಿಮ್ಮನ್ನೇ ನೋಡಿದ ಮಾತಿಗೆ ಬರುತ್ತೇನೆ. ನೀವು ಗಣಿತದವರಾದ್ದರಿಂದ ಲೆಕ್ಕದಲ್ಲಿಯೇ ಹೇಳುವುದು ಒಳ್ಳೆಯದು. ಎದುರಿನವರ ದೃಷ್ಟಿ ನಮ್ಮ ಮೇಲಿದೆಯೇ ಎಂದು ಅಳೆಯುವಾಗ ನಾವು ಕೆಲವು ಡಿಗ್ರಿಗಳಷ್ಟು ಸಡಿಲ ಬಿಡುತ್ತೇವೆ, ಆ ಅಂತರದೊಳಗಿನ ನೋಟವೆಲ್ಲ ನಮ್ಮನ್ನೇ ನೋಡಿದಂತೆ ಕಾಣುತ್ತದೆ. ಐದು ಡಿಗ್ರಿ ಎಂದೇ ಇಟ್ಟುಕೊಳ್ಳಿ. ನೀವು ವೇದಿಕೆಯಿಂದ 50 ಮೀಟರ್ ದೂರದಲ್ಲಿದ್ದರೆ ಆ ಕೋನದ ಅಗಲ ಸುಮಾರು 4.4 ಮೀಟರ್ ಆಗುತ್ತದೆ. ಹಿಂದುಮುಂದಿನ ಹತ್ತು ಮೀಟರ್ ಆಳವನ್ನೂ ಸೇರಿಸಿ, ಚದರ ಮೀಟರಿಗೆ ನಾಲ್ಕು ಜನ ಎಂದು ಹಿಡಿದರೆ, ಒಂದೇ ನೋಟವನ್ನು ತನ್ನ ಮೇಲಿನದೆಂದು ಪ್ರಾಮಾಣಿಕವಾಗಿ ನಂಬಬಲ್ಲವರು ನೂರೈವತ್ತಕ್ಕೂ ಹೆಚ್ಚಾಗುತ್ತಾರೆ. ವೇದಿಕೆಯ ದೀಪಗಳ ಎದುರು ನಿಂತ ಗಾಯಕನ ಕಣ್ಣಿಗೆ ಅಷ್ಟು ದೂರದ ಒಂದು ಮುಖ ಬೇರೆಯಾಗಿ ಕಾಣುವ ಸಾಧ್ಯತೆ ಬಹಳ ಕಡಿಮೆ. ಹಾಗೆಂದು ಆತ ಸುಮ್ಮನೆ ನಟಿಸಿದ ಎಂದು ನಾನು ಹೇಳುತ್ತಿಲ್ಲ. ಆತ ಆ ದಿಕ್ಕಿನ ಜನಸಮೂಹವನ್ನು ಮನಸಾರೆ ನೋಡಿರಬಹುದು, ನೀವು ಆ ಸಮೂಹದಲ್ಲಿ ಇದ್ದಿರಿ.

ಎದೆಯ ಮೇಲೆ ಕೈಯಿಟ್ಟದ್ದು ನಡೆಯಿತೋ ಇಲ್ಲವೋ ಎಂಬುದನ್ನು ನಿಮ್ಮ ನೆನಪಿನಿಂದಲೂ ತೀರ್ಮಾನಿಸಲಾಗದು, ನಿಮ್ಮ ಗೆಳೆಯರ ನೆನಪಿನಿಂದಲೂ ತೀರ್ಮಾನಿಸಲಾಗದು. ಭಾವ ತುಂಬಿ ಬಂದ ಗಳಿಗೆಗಳು ಛಾಯಾಚಿತ್ರದಂತೆ ಮನಸ್ಸಿನಲ್ಲಿ ಅಚ್ಚಾಗುತ್ತವೆ ಎಂಬ ವಿಚಾರವನ್ನು ಮನಶ್ಶಾಸ್ತ್ರಜ್ಞರಾದ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ 1977ರಲ್ಲಿ ಮುಂದಿಟ್ಟರು. ಅದನ್ನು ಪರೀಕ್ಷೆಗೆ ಒಡ್ಡಿದವರು ಉಲ್ರಿಕ್ ನೈಸರ್. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನವೇ, ಆ ಸುದ್ದಿ ಎಲ್ಲಿ, ಯಾರಿಂದ, ಹೇಗೆ ತಿಳಿಯಿತು ಎಂದು ಅವರು ತಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಬರೆಸಿ ಇಟ್ಟುಕೊಂಡರು. ಸುಮಾರು ಎರಡೂವರೆ ವರ್ಷಗಳ ಬಳಿಕ ಅದೇ ವಿದ್ಯಾರ್ಥಿಗಳನ್ನು ಕೇಳಿದಾಗ ಹಲವರ ಉತ್ತರ ಪೂರ್ತಿ ಬೇರೆಯಾಗಿತ್ತು, ಆದರೆ ಅವರ ಆತ್ಮವಿಶ್ವಾಸಕ್ಕೆ ಒಂದಿಷ್ಟೂ ಕುಂದು ಬಂದಿರಲಿಲ್ಲ. ತಮ್ಮದೇ ಕೈಬರಹ ತೋರಿಸಿದರೂ ಈಗಿನ ನೆನಪನ್ನು ಬಿಟ್ಟುಕೊಡಲು ಅವರಲ್ಲಿ ಕೆಲವರಿಗೆ ಆಗಲಿಲ್ಲ. ಭಾವದ ತೀವ್ರತೆ ನೆನಪನ್ನು ಗಟ್ಟಿ ಮಾಡುತ್ತದೆ, ನಿಖರ ಮಾಡುವುದಿಲ್ಲ. ಪ್ರತಿ ಸಲ ಹೇಳಿಕೊಂಡಾಗಲೂ ಅದು ಸ್ವಲ್ಪ ಮರುರೂಪಗೊಳ್ಳುತ್ತದೆ. ಅದೇ ತಂಡದ ಬೇರೆ ಊರುಗಳ ವಿಡಿಯೋಗಳನ್ನು ಆಮೇಲೆ ನೋಡಿದ್ದರೆ, ಅಲ್ಲಿ ಕಂಡ ಒಂದು ಹಾವಭಾವ ಅರಮನೆ ಮೈದಾನದ ರಾತ್ರಿಯೊಳಗೆ ಬಂದು ಕೂತಿರಬಹುದು. ಅಷ್ಟೇ ಸಲೀಸಾಗಿ, ನಿಮ್ಮ ಗೆಳೆಯರು ಆ ಕ್ಷಣದಲ್ಲಿ ಬೇರೆ ಕಡೆ ನೋಡುತ್ತಿದ್ದು ‘ನಡೆಯಲೇ ಇಲ್ಲ’ ಎಂದು ಈಗ ಖಚಿತವಾಗಿ ನಂಬಿರಬಹುದು. ಅವರೊಡನೆ ಈ ವಾದವನ್ನು ಗೆಲ್ಲಬೇಕೆಂಬ ಹಟವನ್ನು ಬಿಡಿ. ನೀವು ಅತ್ತದ್ದನ್ನು ಅವರು ಅಲ್ಲಗಳೆಯುತ್ತಿಲ್ಲವಲ್ಲ.

ಅಧ್ಯಾತ್ಮದ ಪ್ರಶ್ನೆಗೆ ಉತ್ತರ ಹುಡುಕಲು ನಾನು ನಮ್ಮ ಊರನ್ನೇ ನೋಡಲು ಬಯಸುತ್ತೇನೆ, ಏಕೆಂದರೆ ಸಂಗೀತದಿಂದ ಮೈಮರೆಯುವ ಸ್ಥಿತಿಯನ್ನು ಇಷ್ಟು ಗಂಭೀರವಾಗಿ ವಿಚಾರಕ್ಕೆ ಒಳಪಡಿಸಿದ ಪರಂಪರೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ. 1400ರ ಸುಮಾರಿಗೆ ಕಲಬುರಗಿಗೆ ಬಂದು 1422ರಲ್ಲಿ ಇಲ್ಲಿಯೇ ದೇಹವಿಟ್ಟ ಖ್ವಾಜಾ ಬಂದೇನವಾಜ್ ಗೇಸುದರಾಜ್ ಅವರು ಚಿಶ್ತಿ ಪರಂಪರೆಯ ಸೂಫಿಗಳು. ಆ ಪರಂಪರೆಗೆ ಸಮಾ ಎಂಬ ಸಂಗೀತ ಶ್ರವಣವೇ ಉಸಿರು. ಅವರ ಹಿಂದಿನ ಗುರುಗಳ ಸಾಲಿನಲ್ಲಿ ಬರುವ ಖ್ವಾಜಾ ಕುತ್ಬುದ್ದೀನ್ ಬಖ್ತಿಯಾರ್ ಕಾಕಿ ಅವರು 1235ರಲ್ಲಿ ದೆಹಲಿಯಲ್ಲಿ ಒಂದು ಪಾರಸಿ ದ್ವಿಪದಿಯನ್ನು ಕೇಳುತ್ತ ಭಾವಾವೇಶದಲ್ಲಿಯೇ ಪ್ರಾಣ ಬಿಟ್ಟರು ಎಂದು ಆ ಪರಂಪರೆ ನೆನೆಯುತ್ತದೆ. ಆದರೆ ಗೇಸುದರಾಜರ ಸ್ವಂತ ಗುರು ನಸೀರುದ್ದೀನ್ ಚಿರಾಗ್ ದೆಹಲವಿ ಅವರು ವಾದ್ಯಗಳ ವಿಷಯದಲ್ಲಿ ಬಹಳ ಬಿಗಿಯಾಗಿದ್ದರು. ಅಂದರೆ ‘ಇದು ಗದ್ದಲ, ಅಧ್ಯಾತ್ಮವಲ್ಲ’ ಎಂಬ ನಿಮ್ಮ ತಂದೆಯವರ ಆಕ್ಷೇಪ ಹೊಸದೂ ಅಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ಸಂಗೀತವನ್ನು ಪ್ರೀತಿಸಿದ ಪರಂಪರೆಯೊಳಗೇ ಅದು ಶತಮಾನಗಳಿಂದ ಇದೆ, ಗೌರವದಿಂದ ಕೇಳಿಸಿಕೊಳ್ಳಬೇಕಾದ ಮಾತು.

ಸೂಫಿಗಳು ಸಮಾಕ್ಕೆ ಮೂರು ವಿಷಯಗಳನ್ನು ನೋಡಬೇಕೆಂದು ಹೇಳಿದ್ದಾರೆ: ಸರಿಯಾದ ಹೊತ್ತು, ಸರಿಯಾದ ಜಾಗ, ಸರಿಯಾದ ಸಂಗಡಿಗರು. ಬಾಗ್ದಾದಿನ ಸೂಫಿ ಗುರು ಜುನೈದರ ಹೆಸರಿನಲ್ಲಿ ಹರಿದುಬಂದ ಈ ಮಾತು, ಮೈದಾನದ ಕಾರ್ಯಕ್ರಮಗಳನ್ನು ಏರ್ಪಡಿಸುವವರಿಗೂ ಗೊತ್ತಿರಬೇಕಾದದ್ದು ಎಂದು ನನಗೆ ಅನ್ನಿಸುತ್ತದೆ. ಖವ್ವಾಲಿಯಲ್ಲಿ ಇನ್ನೊಂದು ಸೂಕ್ಷ್ಮ ಕಟ್ಟಳೆ ಇದೆ. ಕೇಳುವವನೊಬ್ಬ ಒಂದು ಸಾಲಿಗೆ ‘ಹಾಲ್’, ಅಂದರೆ ಮೈಮರೆಯುವ ಭಾವಾವೇಶ, ಬಂದು ಎದ್ದುನಿಂತರೆ, ಖವ್ವಾಲರು ಮುಂದಿನ ಸಾಲಿಗೆ ಹೋಗುವಂತಿಲ್ಲ. ಆತ ತಣಿಯುವವರೆಗೆ ಅದೇ ಸಾಲನ್ನು ಮತ್ತೆ ಮತ್ತೆ ಹಾಡಬೇಕು. ನೆರೆದ ಹಿರಿಯರೂ ಅವನೊಡನೆ ಎದ್ದು ನಿಲ್ಲುತ್ತಾರೆ, ಅವನು ಬೀಳದಂತೆ ನೋಡಿಕೊಳ್ಳುತ್ತಾರೆ. ಹಾಡುವವನಿಗೆ ಕೇಳುವವನು ನಿಜವಾಗಿಯೂ ಕಾಣುತ್ತಾನೆ, ಹಾಡು ಅವನಿಗಾಗಿ ನಿಲ್ಲುತ್ತದೆ. ದೊಡ್ಡ ರಾಕ್ ಮೈದಾನದಲ್ಲಿ ಇದು ಆಗಲಾರದು. ದೀಪ, ಪರದೆ, ಹಾಡುಗಳ ಸರದಿ ಎಲ್ಲವೂ ಮೊದಲೇ ಗೊತ್ತುಮಾಡಿದವು, ಹತ್ತಾರು ಸಾವಿರ ಜನರಲ್ಲಿ ನೀವು ಅತ್ತದ್ದು ವೇದಿಕೆಗೆ ತಿಳಿಯುವುದಿಲ್ಲ. ಗಾಯಕ ತನ್ನನ್ನು ನೋಡಿದ ಎಂದು ಇಷ್ಟೊಂದು ಅಭಿಮಾನಿಗಳು ನೆನಪಿಟ್ಟುಕೊಳ್ಳುವುದು ಈ ಕೊರತೆಯಿಂದಲೇ ಇರಬೇಕು ಎಂಬುದು ನನ್ನ ಊಹೆ. ಅಂಥ ಗಳಿಗೆಯಲ್ಲಿ ತನ್ನನ್ನು ಯಾರಾದರೂ ಕಂಡಿರಬೇಕು ಎಂದು ಮನುಷ್ಯ ಬಯಸುತ್ತಾನೆ. ಆ ಬಯಕೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಿಮ್ಮ ತಂದೆಯವರ ಮೇಳವನ್ನು ನಾನು ಕೇಳಿಲ್ಲ. ಆದರೆ ಕಡಕೋಳ ಮಡಿವಾಳಪ್ಪನವರ, ಚನ್ನೂರ ಜಲಾಲಸಾಹೇಬರ ತತ್ವಪದಗಳನ್ನು ಹಾಡುವ ಜೇವರ್ಗಿ ಕಡೆಯ ಮೇಳಗಳನ್ನು ಅಮಾವಾಸ್ಯೆಯ ರಾತ್ರಿಗಳಲ್ಲಿ ಬೆಳಗಿನವರೆಗೆ ಕೇಳಿದ್ದೇನೆ. ಏಕತಾರಿ, ದಮ್ಮಡಿ, ತಾಳ, ಪೇಟಿ ಇಷ್ಟರಲ್ಲಿಯೇ, ಮುಮ್ಮೇಳದವರು ಎತ್ತಿದ ಸೊಲ್ಲನ್ನು ಹಿಂದಿನವರು ಹಿಡಿದು ತಿರುಗಿಸಿ ತಿರುಗಿಸಿ ಹಾಡುತ್ತ, ನಡುರಾತ್ರಿ ಮೀರಿದ ಮೇಲೆ ಲಯ ತಾನಾಗಿಯೇ ಬಿರುಸಾಗಿ, ಹಾಡುವವರು ಯಾರು ಕೇಳುವವರು ಯಾರು ಎಂಬ ಗೆರೆ ಅಳಿಸಿಹೋಗುವುದನ್ನು ಕಂಡಿದ್ದೇನೆ. ಮೈಯಲ್ಲಿ ಆಗುವ ಕ್ರಿಯೆ ನಿಮ್ಮ ಮೈದಾನದಲ್ಲಿ ಆದದ್ದಕ್ಕಿಂತ ಬೇರೆಯದಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ. ಬೇರೆಯದು ಮರುದಿನದ ಬದುಕು. ಭಜನೆಯವರು ಹಾಡಿನ ನಡುವೆ ನಿಲ್ಲಿಸಿ ಪದದ ಒಳಗುಟ್ಟನ್ನು ಚರ್ಚಿಸುತ್ತಾರೆ, ಒಬ್ಬ ಗುರುವಿಗೆ ಬದ್ಧರಾಗಿರುತ್ತಾರೆ, ಮುಂದಿನ ಅಮಾವಾಸ್ಯೆಗೆ ಅದೇ ಜನ ಮತ್ತೆ ಸೇರುತ್ತಾರೆ, ಮೇಳದವನೊಬ್ಬ ತೀರಿಕೊಂಡರೆ ಅದೇ ಪದಗಳನ್ನು ಹಾಡುತ್ತ ರಾತ್ರಿಯಿಡೀ ಅವನ ಬಳಿ ಕೂಡುತ್ತಾರೆ. ಆವೇಶಕ್ಕೆ ಅಲ್ಲಿ ಒಂದು ಮನೆ ಇದೆ. ನಿಮ್ಮ ತಂದೆಯವರು ‘ಅಧ್ಯಾತ್ಮ’ ಎನ್ನುವಾಗ ಬಹುಶಃ ಈ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ, ನೀವು ಅದೇ ಮಾತನ್ನು ಆಡುವಾಗ ಆ ಒಂದು ಗಳಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೀರಿ.

ರಾಕ್ ಅಭಿಮಾನಿಗಳೂ ಅಂಥ ಮನೆಯನ್ನು ಕಟ್ಟಿಕೊಂಡ ಉದಾಹರಣೆಗಳಿವೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ 1965ರಿಂದ 1995ರಲ್ಲಿ ಅದರ ಗಾಯಕ, ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗೆ ಮೂವತ್ತು ವರ್ಷ ಹಾಡಿತು. ಎರಡು ರಾತ್ರಿ ಒಂದೇ ಸರದಿಯಲ್ಲಿ ಹಾಡದ, ಒಂದು ಹಾಡನ್ನು ಆ ರಾತ್ರಿಯ ಜನರ ಹುರುಪಿಗೆ ತಕ್ಕಂತೆ ಬೆಳೆಸುತ್ತ ಹೋಗುವ ತಂಡ ಅದು. ಅವರ ಅಭಿಮಾನಿಗಳು ಊರಿಂದೂರಿಗೆ ಹಿಂಬಾಲಿಸಿ ಹೋಗುತ್ತಿದ್ದರು. ಕಾರ್ಯಕ್ರಮವನ್ನು ತಾವೇ ಟೇಪಿಗೆ ಇಳಿಸಿಕೊಳ್ಳಲು ಬರುವವರಿಗೆಂದು 1984ರಿಂದ ತಂಡವೇ ಪ್ರತ್ಯೇಕ ಜಾಗ ಕೊಟ್ಟಿತು, ಆ ಟೇಪುಗಳು ಲಾಭವಿಲ್ಲದೆ ಕೈಯಿಂದ ಕೈಗೆ ಹೋದವು. ಯಾವ ವರ್ಷದ ಯಾವ ಊರಿನ ಯಾವ ಹಾಡು ಎಲ್ಲಿ ಏರಿತು ಎಂದು ಅವರು ನಡೆಸುವ ಚರ್ಚೆ, ಭಜನೆಯವರು ಪದದ ಬಗ್ಗೆ ನಡೆಸುವ ಚರ್ಚೆಗೆ ತೀರ ದೂರದ್ದಲ್ಲ.

ತೀವ್ರತೆ ಇದ್ದ ಮಾತ್ರಕ್ಕೆ ಅದು ಒಳ್ಳೆಯದೇ ಆಗಿರಬೇಕಿಲ್ಲ ಎಂಬುದನ್ನೂ ಹೇಳಬೇಕು. 1969ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್ ಉತ್ಸವಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸೇರಿ, ಮಳೆ ಕೆಸರುಗಳ ನಡುವೆಯೂ ಶಾಂತಿಯ ನೆನಪಾಗಿ ಅದು ಉಳಿಯಿತು. ಅದೇ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ನಡೆದ ಉತ್ಸವದಲ್ಲಿ ವೇದಿಕೆಯ ಎದುರೇ ಒಬ್ಬ ಯುವಕ ಇರಿತಕ್ಕೆ ಬಲಿಯಾದ. ವುಡ್‌ಸ್ಟಾಕ್‌ನಲ್ಲಿ ಸಿತಾರ್ ನುಡಿಸಿದ ಪಂಡಿತ್ ರವಿಶಂಕರ್ ಅವರಿಗೆ ಅಲ್ಲಿನ ಜನರ ಅಮಲಿನ ಸ್ಥಿತಿ ಬಹಳ ನೋವು ಕೊಟ್ಟಿತ್ತು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆದ ಕಾರ್ಯಕ್ರಮದಲ್ಲಿ ಅವರು ವಾದ್ಯವನ್ನು ಶ್ರುತಿ ಮಾಡಿ ಮುಗಿಸಿದಾಗಲೇ ಜನ ಚಪ್ಪಾಳೆ ತಟ್ಟಿದರು, ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸೀತು ಎಂದು ಅವರು ಮೃದುವಾಗಿ ನುಡಿದರು. ಆ ಜನ ಏನು ಕೇಳುತ್ತಿದ್ದೇವೆಂದು ತಿಳಿಯದೆಯೇ ತೆರೆದ ಮನಸ್ಸಿನಿಂದ ಬಂದಿದ್ದರು. ತೆರೆದ ಮನಸ್ಸು ದೊಡ್ಡದೇ, ಆದರೆ ಅದರ ಜೊತೆಗೆ ತಿಳಿವೂ ಬೇಕು ಎಂಬ ನಮ್ಮ ಸಂಗೀತಗಾರರ ನಿಲುವನ್ನು ನಾನು ಒಪ್ಪುತ್ತೇನೆ. ಆದ್ದರಿಂದ ನಿಮ್ಮ ಅನುಭವವನ್ನು ಅಧ್ಯಾತ್ಮ ಎನ್ನಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಅದು ಅಧ್ಯಾತ್ಮದ ಬಾಗಿಲಲ್ಲಿ ಆದ ಅನುಭವ, ಧೈರ್ಯವಾಗಿ ಹಾಗೆನ್ನಿ. ಒಳಗೆ ಹೋದಿರೋ ಇಲ್ಲವೋ ಎಂಬುದನ್ನು ಆ ರಾತ್ರಿಯ ಅಳುವಿನಿಂದ ಅಳೆಯಲಾಗದು, ಆಮೇಲಿನ ವರ್ಷಗಳಲ್ಲಿ ಅದು ನಿಮ್ಮನ್ನು ಜನರಿಗೆ ಹತ್ತಿರ ಮಾಡಿದೆಯೇ ಎಂಬುದರಿಂದ ನೀವೇ ಅಳೆದುಕೊಳ್ಳಬೇಕು. ವಿಲಿಯಂ ಜೇಮ್ಸ್ ಕೂಡ ಇಂಥ ಅನುಭವಗಳನ್ನು ಅವುಗಳ ಫಲದಿಂದಲೇ ತೂಗಬೇಕೆಂದು ಹೇಳಿದ್ದರು.

ಅದು ಮತ್ತೆ ಏಕೆ ಬರಲಿಲ್ಲ ಎಂಬುದು ಇವುಗಳಲ್ಲಿ ಸುಲಭದ ಪ್ರಶ್ನೆ. ನೀವು ಅದನ್ನು ಹುಡುಕಿಕೊಂಡು ಹೋದಿರಿ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ಸಂಗೀತವನ್ನು ಸುಮ್ಮನೆ ಕೇಳಲು ಹೇಳಿ, ಇನ್ನು ಕೆಲವರಿಗೆ ಕೇಳುತ್ತ ಸಂತೋಷಪಡಲು ಪ್ರಯತ್ನಿಸಿ ಎಂದು ಹೇಳಿದರು. ಪ್ರಯತ್ನಿಸಿದವರಿಗೆ ಸುಮ್ಮನೆ ಕೇಳಿದವರಷ್ಟು ಸಂತೋಷವೂ ದೊರೆಯಲಿಲ್ಲ. ‘ಈಗ ಬಂತೇ, ಈಗ ಬಂತೇ’ ಎಂದು ನೋಡುತ್ತಿರುವ ಮನಸ್ಸು ‘ನಾನು’ ಎಂಬುದನ್ನು ಬಿಡುವುದಿಲ್ಲ, ಅದನ್ನು ಬಿಡದೆ ಆ ಸ್ಥಿತಿ ಬರುವುದಿಲ್ಲ. ಅದರ ಜೊತೆಗೆ 2011ರಲ್ಲಿ ಇದ್ದ ಮೂವತ್ತು ವರ್ಷದ ಕಾಯುವಿಕೆ ಮತ್ತೊಮ್ಮೆ ಸಿಗುವಂಥದ್ದಲ್ಲ.

ಮಗಳನ್ನು ಖಂಡಿತ ಕರೆದುಕೊಂಡು ಹೋಗಿ. ಅವಳಿಗೆ ಇಷ್ಟವಾದ ತಂಡಕ್ಕೆ ಕರೆದೊಯ್ಯಿರಿ, ನಿಮಗೆ ಇಷ್ಟವಾದ ತಂಡಕ್ಕಲ್ಲ, ಏಕೆಂದರೆ ಹಾಡಿನೊಡನೆ ನಂಟು ಇರಬೇಕಾದದ್ದು ಅವಳಿಗೆ. ನಿಮಗಾದದ್ದು ಅವಳಿಗೂ ಆಗುತ್ತದೆ ಎಂದು ಮೊದಲೇ ಹೇಳಿ ಕಾಯಿಸಬೇಡಿ. ಜನ ಒತ್ತರಿಸುವ ವೇದಿಕೆಯ ಮುಂಭಾಗವನ್ನು ಬಿಟ್ಟು, ಹೊರದಾರಿ ಕಣ್ಣಿಗೆ ಕಾಣುವ ಪಕ್ಕದ ಜಾಗದಲ್ಲಿ, ಧ್ವನಿವರ್ಧಕಗಳಿಂದ ದೂರ ನಿಲ್ಲಿ. ಅಜ್ಜನ ಭಜನೆಗೂ ಅವಳನ್ನು ಒಂದು ಅಮಾವಾಸ್ಯೆ ಕೂರಿಸಿ. ಎರಡನ್ನೂ ಕೇಳಿದ ಹುಡುಗಿ ನಿಮ್ಮ ಮತ್ತು ನಿಮ್ಮ ತಂದೆಯವರ ವಾದದಲ್ಲಿ ಇಬ್ಬರಿಗಿಂತ ಹೆಚ್ಚು ತಿಳಿದು ಮಾತಾಡಬಲ್ಲಳು. ಕಾರ್ಯಕ್ರಮದ ಮರುದಿನ, ಮರಳುವ ರೈಲಿನಲ್ಲಿ, ನೀವು ನಿಮ್ಮ ನೆನಪನ್ನು ಹೇಳುವ ಮೊದಲು ಅವಳು ಕಂಡದ್ದನ್ನು ಅವಳ ಕೈಯಲ್ಲೇ ಬರೆಸಿ.

ಕಿವಿಯ ವಿಷಯದಲ್ಲಿ ಮಾತ್ರ ರಿಯಾಯಿತಿ ಕೊಡಬೇಡಿ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಾಳಬಹುದಾದ ಕಿವಿ, ಪ್ರತಿ 3 ಡೆಸಿಬಲ್ ಏರಿದಂತೆ ಅದರ ಅರ್ಧ ಹೊತ್ತನ್ನು ಮಾತ್ರ ತಾಳುತ್ತದೆ. 100 ಡೆಸಿಬಲ್‌ಗೆ ಬರುವಾಗ ಅದು ಹದಿನೈದೇ ನಿಮಿಷಕ್ಕೆ ಇಳಿಯುತ್ತದೆ. ಸಂಗೀತ ಕಾರ್ಯಕ್ರಮಗಳಲ್ಲಿ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದು, ಕೇಳುಗರಿಗೆ ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ವಿಶ್ರಾಂತಿ ಕೊಡಲು ಸದ್ದಿಲ್ಲದ ಒಂದು ಜಾಗ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಹೊರಡಿಸಿದೆ. ನಮ್ಮಲ್ಲಿ ಅದು ಪಾಲನೆಯಾಗುತ್ತದೆ ಎಂದು ನಂಬಿ ಹೋಗಬೇಡಿ. ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್‌ಗಳನ್ನು ಇಬ್ಬರೂ ಹಾಕಿಕೊಳ್ಳಿ. ಎದೆಗೆ, ಕಾಲಿಗೆ ತಾಗುವ ಕಂಪನವನ್ನು ಅವು ತಡೆಯುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೂ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಎರಡು ದಿನ ದಾಟಿ ಉಳಿದರೆ ತಡಮಾಡದೆ ಕಿವಿಯ ವೈದ್ಯರಿಗೆ ತೋರಿಸಿ.